ಅತ್ತೆಯ ಮೂಗು, ಲಾಲ್‌ಬಾಗಿನ ಮರಗಳು

ನಮ್ಮ ಮನೆಯಲ್ಲಿ ಹಾಲು ಉಕ್ಕುವ ಸುದ್ದಿ ಒಲೆಯ ಮುಂದೆ ನಿಂತ ನನಗಿಂತ ಮೊದಲು ನಡುಮನೆಯಲ್ಲಿ ಕೂತ ನನ್ನ ಅತ್ತೆಗೆ ತಲುಪುತ್ತಿತ್ತು. ಹೂವು ಕಟ್ಟುತ್ತಾ ಕೂತವರು ತಲೆ ಕೂಡ ಎತ್ತದೆ, “ಉರಿ ಸಣ್ಣ ಮಾಡೇ” ಅನ್ನುತ್ತಿದ್ದರು. ಸಾರು ಕುದಿಯುವಾಗ ಅಡುಗೆಮನೆ ಬಾಗಿಲ ಮುಂದೆ ಒಂದು ಸಲ ಹಾದುಹೋದರೆ ಸಾಕು, ಪುಡಿ ಹೆಚ್ಚಾಯಿತೋ ಹುಳಿ ಕಡಿಮೆಯಾಯಿತೋ ತೀರ್ಪು ಬಂದುಬಿಡುತ್ತಿತ್ತು. ಮದುವೆಯಾದ ಹೊಸದರಲ್ಲಿ ಇದು ನನಗೆ ಕಿರುಕುಳ ಅನ್ನಿಸುತ್ತಿತ್ತು. ಆಮೇಲೆ ಅಭ್ಯಾಸವಾಯಿತು. ಕೊನೆಗೆ ಆ ಮೂಗನ್ನೇ ನಂಬಿಕೊಂಡು ಅಡುಗೆ ಮಾಡುತ್ತಾ ಮಾಡುತ್ತಾ ನಾನು ಐವತ್ತು ದಾಟಿದೆ.

ಕಳೆದ ಆಗಸ್ಟಿನಲ್ಲಿ ಲಾಲ್‌ಬಾಗಿನ ಹೂವಿನ ಪ್ರದರ್ಶನ ನೋಡಿಕೊಂಡು ಬಂದ ವಾರವೇ ನಾವು ಮೂವರೂ ಜ್ವರ ಹಿಡಿದು ಮಲಗಿದೆವು. ಗಾಜಿನ ಮನೆಯ ನೂಕುನುಗ್ಗಲಿನಲ್ಲಿ ಯಾರೋ ನನ್ನ ಕತ್ತಿನ ಮೇಲೇ ಸೀನಿದ್ದರು. ಅಲ್ಲಿಂದಲೇ ನಾನು ಮನಸ್ಸಿನಲ್ಲಿ ಎಲ್ಲರನ್ನೂ ಆಸ್ಪತ್ರೆಗೆ ಸೇರಿಸಿ, ಯಾರಿಗೆ ಯಾರು ಊಟ ತಂದುಕೊಡುವುದು ಅಂತ ಕೂಡ ನಿರ್ಧರಿಸಿಬಿಟ್ಟಿದ್ದೆ. ಅಷ್ಟೇನೂ ಆಗಲಿಲ್ಲ. ನನ್ನ ಗಂಡ ಎದ್ದರು, ನಾನು ಎದ್ದೆ, ಅತ್ತೆಯೂ ಎದ್ದರು. ಎದ್ದ ದಿನ ತಿಳಿಸಾರಿಗೆ ಒಗ್ಗರಣೆ ಹಾಕಲು ಇಂಗಿನ ಡಬ್ಬಿ ತೆರೆದರು. ಮುಚ್ಚಿದರು. ಮತ್ತೆ ತೆರೆದರು.

“ಈ ಇಂಗು ಎಲ್ಲಿಂದ ತಂದ್ಯೇ? ಸತ್ತುಹೋಗಿದೆ.”

ಇಂಗು ಜೀವಂತವಾಗಿಯೇ ಇತ್ತು, ಪಕ್ಕದ ಮನೆಯವರಿಗೂ ಗೊತ್ತಾಗುವಷ್ಟು. ನಾನು ಸುಮ್ಮನಿರಬೇಕಿತ್ತು, “ಇಲ್ವಲ್ಲ ಅತ್ತೆ, ಘಮ್ ಅಂತಿದೆ” ಅಂದೆ. ಅವರು ಡಬ್ಬಿಯನ್ನು ಮೂಗಿಗೆ ಒತ್ತಿ ಹಿಡಿದು ಜೋರಾಗಿ ಉಸಿರೆಳೆದುಕೊಂಡರು. ಕಣ್ಣಲ್ಲಿ ನೀರು ಬಂತೇ ಹೊರತು ವಾಸನೆ ಬರಲಿಲ್ಲ. ಡಬ್ಬಿಯನ್ನು ನನ್ನ ಕೈಗೆ ಕೊಟ್ಟು ಹೊರಗೆ ಹೋದರು. ಆವತ್ತಿನಿಂದ ಅಡುಗೆಮನೆಗೆ ಬರುವುದನ್ನೇ ಬಿಟ್ಟರು.

ಊಟ ಕೂಡ ಕಡಿಮೆಯಾಯಿತು. ತಟ್ಟೆಯ ಮುಂದೆ ಕೂತು, “ಹುಲ್ಲು ಮೆದ್ದ ಹಾಗಾಗತ್ತೆ ಕಣೇ” ಅಂತ ಎರಡು ತುತ್ತಿಗೆ ಎದ್ದುಬಿಡುತ್ತಿದ್ದರು. ದೀಪಾವಳಿಯ ಹೊತ್ತಿಗೆ ಅವರ ರವಿಕೆಯ ತೋಳಿನಲ್ಲಿ ನನ್ನ ಎರಡು ಬೆರಳು ಆರಾಮಾಗಿ ಹೋಗುತ್ತಿದ್ದವು.

ಚಿಂತೆ ಮಾಡುವುದು ನಮ್ಮ ಮನೆಯಲ್ಲಿ ನನ್ನ ಖಾತೆ. ಗಂಡನಿಗೆ ಅದರಲ್ಲಿ ಪ್ರವೇಶವಿಲ್ಲ, ಅವರಿಗೆ ಆಸಕ್ತಿಯೂ ಇಲ್ಲ. ನಾನು ಆಫೀಸಿನಲ್ಲಿದ್ದಾಗ ಗ್ಯಾಸ್ ಸೋರಿದರೆ ಅತ್ತೆಗೆ ಹೇಗೆ ಗೊತ್ತಾಗಬೇಕು ಅಂತ ದಿನಾ ಮಧ್ಯಾಹ್ನ ಫೋನು ಮಾಡುತ್ತಿದ್ದೆ. “ಗ್ಯಾಸ್ ಆಫ್ ಇದೆಯಾ ಅತ್ತೆ?” “ಇದೆ.” “ನೋಡಿ ಹೇಳಿ.” “ನಾನೇ ಆಫ್ ಆಗಿದೀನಿ, ಅದನ್ನೇನು ನೋಡೋದು?” ಅವರು ನಗಿಸಲು ಹೇಳಿದ್ದು. ನಾನು ಆ ಮಾತನ್ನು ಹಿಡಿದುಕೊಂಡು ಸಂಜೆಯವರೆಗೆ ಕೊರಗಿದೆ.

ನಮ್ಮ ಬೀದಿಯ ಡಾಕ್ಟರು ಸಮಾಧಾನದ ಮನುಷ್ಯ. “ಬರತ್ತಮ್ಮ, ನಿಧಾನ ಆಗತ್ತೆ. ದಿನಾ ಗಾಢವಾದ ವಾಸನೆ ಇರೋದನ್ನ ಮೂಸಿಸ್ತಾ ಇರಿ. ಮೂಗಿಗೆ ಮತ್ತೆ ಅಕ್ಷರಾಭ್ಯಾಸ ಮಾಡಿಸಿದ ಹಾಗೆ” ಅಂದರು. ಮನೆಗೆ ಬಂದು ಲವಂಗ, ಕಾಫಿಪುಡಿ, ನಿಂಬೆಹಣ್ಣು ತಟ್ಟೆಯಲ್ಲಿಟ್ಟು ಅತ್ತೆಯ ಮುಂದೆ ಹಿಡಿದೆ. ಅವರು ತಟ್ಟೆ ನೋಡಿದರು, ನನ್ನನ್ನು ನೋಡಿದರು.

“ಅಡುಗೆಮನೆ ಸಾಮಾನು ತಂದು ನನಗೇ ಪರೀಕ್ಷೆ ಇಡ್ತಿದೀಯಾ? ನಾನೇನು ನಿನಗೆ ಸೊಸೆಯಾಗಿ ಬಂದಿದೀನಾ?”

ತಟ್ಟೆ ಒಳಗೆ ಹೋಯಿತು. ಆದರೆ ಲಾಲ್‌ಬಾಗಿಗೆ ಅವರು ಬೇಡ ಅನ್ನುವುದಿಲ್ಲ ಅಂತ ನನಗೆ ಗೊತ್ತಿತ್ತು. ಬಸವನಗುಡಿಯಲ್ಲಿ ನಮ್ಮ ಮನೆಯಿಂದ ಪಶ್ಚಿಮದ ಗೇಟಿಗೆ ನಿಧಾನವಾಗಿ ನಡೆದರೂ ಸುಸ್ತಾಗುವ ದೂರವಲ್ಲ. ಅಲ್ಲಿ ವರ್ಷವಿಡೀ ಒಂದಲ್ಲ ಒಂದು ಮರ ಹೂವು ಬಿಡುತ್ತಲೇ ಇರುತ್ತದೆ. ಮೂಗಿನ ಅಕ್ಷರಾಭ್ಯಾಸಕ್ಕೆ ಅದೇ ಪಾಟಿ ಬಳಪ ಅಂದುಕೊಂಡೆ. ಅತ್ತೆಗೆ ಹಾಗೆ ಹೇಳಲಿಲ್ಲ, “ವಾಕಿಂಗ್ ಹೋಗೋಣ” ಅಂದೆ ಅಷ್ಟೆ. ಎರಡನೇ ಭಾನುವಾರಕ್ಕೇ ಅವರಿಗೆ ಅರ್ಥವಾಯಿತು. ಆದರೂ ಬಂದರು. ಅದು ಅವರ ದೊಡ್ಡತನ.

ಮೊದಲು ಸಿಕ್ಕಿದ್ದು ಪಾರಿಜಾತ. ಗಿಡದ ಕೆಳಗೆ ಬೆಳಗಿನ ಹೊತ್ತು ಅಕ್ಷತೆ ಚೆಲ್ಲಿದ ಹಾಗೆ ಬಿದ್ದಿತ್ತು. ಒಂದು ಹಿಡಿ ಆರಿಸಿ ಅತ್ತೆಯ ಬೊಗಸೆಗೆ ಹಾಕಿದೆ. ಅವರು ಬೊಗಸೆಯನ್ನು ಎದೆಯ ಹತ್ತಿರ ಹಿಡಿದುಕೊಂಡು ಕಣ್ಣು ಮುಚ್ಚಿ ನಿಂತರು. ನಾನು ಉಸಿರು ಬಿಗಿಹಿಡಿದು ಕಾದೆ.

“ಏನಾದ್ರೂ?”

“ತಣ್ಣಗಿದೆ.”

ಆಮೇಲೆ ಚಳಿ ಬಿತ್ತು. ಆಕಾಶಮಲ್ಲಿಗೆಯ ಮರಗಳು ರಾತ್ರಿಯೆಲ್ಲ ಉದುರಿಸಿದ ಉದ್ದ ತೊಟ್ಟಿನ ಬಿಳಿ ಹೂವು ದಾರಿಯ ಮೇಲೆ ಹಾಸಿರುತ್ತಿತ್ತು. ಆ ದಾರಿಯಲ್ಲಿ ಜಾಗಿಂಗ್ ಮಾಡುವ ಹುಡುಗರು ಕೂಡ ಒಂದು ಕ್ಷಣ ನಿಧಾನಿಸಿ ಮುಖ ಎತ್ತಿ ಗಾಳಿ ಕುಡಿಯುತ್ತಾರೆ. ಅತ್ತೆ ಹೂವನ್ನು ಕೈಯಲ್ಲಿ ಹಿಡಿದು ನಿಂತರು, ಇಲ್ಲ ಅಂತ ತಲೆಯಾಡಿಸಿದರು, ಹೂವನ್ನು ಹುಷಾರಾಗಿ ಮರದ ಬುಡಕ್ಕೆ ಇಟ್ಟರು. ಅದೇ ದಿನಗಳಲ್ಲಿ ಕೆರೆಯ ಕಡೆ ಟಬೂಬಿಯಾ ಮರಗಳು ಎಲೆ ಕಳಚಿ ಗುಲಾಬಿ ಬಣ್ಣಕ್ಕೆ ತಿರುಗಿದವು. ಊರಿನವರೆಲ್ಲ ಅದರ ಕೆಳಗೆ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಬಣ್ಣ ಬಿಟ್ಟರೆ ಆ ಹೂವಿಗೆ ಹೇಳಿಕೊಳ್ಳುವಂಥ ವಾಸನೆಯಿಲ್ಲ. ಅತ್ತೆಗೆ ಅದು ಬಹಳ ಹಿಡಿಸಿತು. ಬೆಂಚಿನ ಮೇಲೆ ಕೂತು ಎಷ್ಟೋ ಹೊತ್ತು ನೋಡಿದರು.

“ಇದಾದ್ರೆ ವಾಸಿ ಕಣೇ. ನಿನಗೂ ನನಗೂ ಒಂದೇ.”

ಏನೋ ಹೇಳಬೇಕಲ್ಲ ಅಂತ, “ಬೆಂಚು ಒದ್ದೆ ಇದೆಯೇನೋ ಅತ್ತೆ, ಶೀತ ಆಗತ್ತೆ” ಅಂದೆ.

ಜನವರಿಯ ಪ್ರದರ್ಶನದ ದಿನ ಬಾಗಿಲು ತೆಗೆಯುತ್ತಿದ್ದ ಹಾಗೇ ಹೋದೆವು. ಆಗಸ್ಟಿನ ಸೀನು ನನ್ನ ಕತ್ತಿನ ಮೇಲೆ ಇನ್ನೂ ಇದ್ದ ಹಾಗಿತ್ತು, ಅದಕ್ಕೇ ಇಬ್ಬರ ಮುಖಕ್ಕೂ ಮಾಸ್ಕು, ಕೈಚೀಲದಲ್ಲಿ ಇನ್ನೂ ಎರಡು. ಗಾಜಿನ ಮನೆಯ ತುಂಬ ಗುಲಾಬಿ, ಸೇವಂತಿಗೆ, ಹೆಸರು ಗೊತ್ತಿಲ್ಲದ ಸಾಲುಸಾಲು ಕುಂಡಗಳು, ನೀರು ಹನಿಸಿದ ಹಸಿ ಗೊಬ್ಬರದ ವಾಸನೆ. “ಮಾಸ್ಕ್ ತೆಗೀರಿ ಅತ್ತೆ, ಒಂದ್ನಿಮಿಷ” ಅಂದೆ. ತೆಗೆದರು. “ಏನಾದ್ರೂ ಗೊತ್ತಾಗ್ತಿದೆಯಾ?” ಅಂದೆ. “ಜನ ಗೊತ್ತಾಗ್ತಿದಾರೆ” ಅಂದರು. ಮಾಸ್ಕ್ ಮತ್ತೆ ಮೇಲೆ ಹೋಯಿತು.

ಶಿವರಾತ್ರಿ ಕಳೆದು ಬೂರುಗದ ಮರ ಕೆಂಪಗೆ ಬರಿಮೈಯಲ್ಲಿ ನಿಂತಿತು. ಹೊಂಗೆ ಚಿಗುರಿತು. ಮಾವು ಹೂವು ಬಿಟ್ಟು, ಹೂವು ಉದುರಿ, ಮಿಡಿ ಕಚ್ಚಿತು. ಪ್ರತಿಯೊಂದಕ್ಕೂ ನಾನು ಅತ್ತೆಯನ್ನು ಕರೆದುಕೊಂಡು ಹೋಗಿ ಮುಂದೆ ನಿಲ್ಲಿಸಿದೆ, ಮಗುವನ್ನು ನೆಂಟರ ಮುಂದೆ ನಿಲ್ಲಿಸಿದ ಹಾಗೆ. ಯುಗಾದಿಯ ದಿನ ಬೇವಿನ ಹೂವು ಬೆಲ್ಲ ಬಾಯಿಗೆ ಹಾಕಿಕೊಂಡು ಅತ್ತೆ ಹೇಳಿದರು, “ಕಹಿ ನೆಟ್ಟಗೆ ಗೊತ್ತಾಯ್ತು. ಸಿಹೀನೂ ನೆಟ್ಟಗೆ ಗೊತ್ತಾಯ್ತು. ಅವೆರಡರ ಮಧ್ಯ ಇತ್ತಲ್ಲ, ಅದೇನೂ ಇಲ್ಲ.” ಎಲೆ ಮಡಿಸಿ ಎದ್ದವರು ಕೈ ತೊಳೆಯುತ್ತಾ, ನನ್ನ ಕಡೆ ನೋಡದೆ, “ಈ ಸಲ ಬೇಸಿಗೇಲಿ ಸಾರಿನ ಪುಡಿ ನನ್ನ ಕೇಳ್ಬೇಡ. ನೀನೇ ಮಾಡ್ಕೋ. ಇಲ್ಲ ಅಂಗಡೀದೇ ತಂದ್ಬಿಡು” ಅಂದರು.

ಅಂಗಡಿಯ ಪುಡಿ! ಇದನ್ನು ಬೇರೆ ಮನೆಯವರು ಕೇಳಿದರೆ ಸಣ್ಣ ಮಾತು ಅನ್ನಬಹುದು. ಆವತ್ತು ನನ್ನ ಗಂಡ ಕೂಡ ಪೇಪರಿನಿಂದ ತಲೆ ಎತ್ತಿದರು. ಅತ್ತೆ ಕೈಚೆಲ್ಲುತ್ತಿದ್ದಾರೆ ಅಂತ ಇಬ್ಬರಿಗೂ ಗೊತ್ತಾಯಿತು. ಅಷ್ಟರಲ್ಲಿ ಅವರು ಭಾನುವಾರದ ನಡಿಗೆಯನ್ನೂ ತಪ್ಪಿಸತೊಡಗಿದ್ದರು. ಮಂಡಿ ನೋವು, ಬಿಸಿಲು, ಏಕಾದಶಿ. ಮೇ ತಿಂಗಳಲ್ಲಿ ಒಂದು ಸಂಜೆ ಜೋರು ಮಳೆಯಾದ ಮಾರನೆಯ ದಿನ ನಾನು ಕಾಡಿಬೇಡಿ ಎಬ್ಬಿಸಿದೆ.

“ಇದೇ ಕೊನೆ. ಆಮೇಲೆ ಈ ಮೂಗಿನ ಮೆರವಣಿಗೆ ಸಾಕು” ಅಂದರು ಚಪ್ಪಲಿ ಮೆಟ್ಟಿಕೊಳ್ಳುತ್ತಾ.

ಲಾಲ್‌ಬಾಗಿನ ಬಂಡೆಯ ಮೇಲೆ ಇನ್ನೂ ನೀರು ನಿಂತಿತ್ತು. ಗುಲ್‌ಮೊಹರ್ ಮಳೆಗೆ ಉದುರಿ ದಾರಿಯೆಲ್ಲ ಕೆಂಪಾಗಿತ್ತು. ನಾಗಲಿಂಗದ ಮರದ ಹತ್ತಿರ ಬಂದಾಗ ನಾನು ಎಂದಿನಂತೆ, “ಆ ಕಡೆಯಿಂದ ಬನ್ನಿ, ಕಾಯಿ ತಲೆ ಮೇಲೆ ಬಿದ್ದೀತು” ಅಂತ ಅತ್ತೆಯನ್ನು ದೂರಕ್ಕೆ ಎಳೆದೆ. ಫಿರಂಗಿಯ ಗುಂಡಿನಂಥ ಕಾಯಿ ಅದು. ಅದು ಬಿದ್ದು ಯಾರಿಗಾದರೂ ಏಟಾದದ್ದು ನಾನು ಕೇಳಿಲ್ಲ, ಆದರೆ ಮೊದಲನೆಯವರು ನಾವೇ ಯಾಕಾಗಬೇಕು? ಆಮೇಲೆ ನಾನೇ ಬಗ್ಗಿ ಓಡಿಹೋಗಿ ಬುಡದಲ್ಲಿ ಬಿದ್ದಿದ್ದ ಒಂದು ಹೂವನ್ನು ತಂದೆ. ದಪ್ಪ ಎಸಳು, ಮೇಲೆ ಹೆಡೆ ಬಗ್ಗಿಸಿದ ಹಾಗೆ ಕೇಸರದ ಕುಚ್ಚು. ಅತ್ತೆಗೆ ಕೊಡುವ ಮೊದಲು, ವಾಸನೆ ಇನ್ನೂ ಇದೆಯೋ ಮಳೆಗೆ ತೊಳೆದುಹೋಗಿದೆಯೋ ನೋಡೋಣ ಅಂತ ಮೂಗಿಗೆ ಹಚ್ಚಿ ಜೋರಾಗಿ ಎಳೆದುಕೊಂಡೆ.

ಫಟ್ ಅಂತ ಕೈ ಮೇಲೆ ಏಟು ಬಿತ್ತು.

“ಮೂಸ್ತೀಯಲ್ಲೇ! ಶಿವನ ಹೂವು ಅದು!”

“ಕೆಳಗೆ ಬಿದ್ದಿದ್ದು ಅತ್ತೆ.”

“ಬಿದ್ರೇನು? ಹೂವನ್ನ ಯಾರಾದ್ರೂ ಮೂಸ್ತಾರಾ? ಎಂಜಲಾಗಲ್ವಾ?”

ನಾನು ಕೈ ಉಜ್ಜಿಕೊಳ್ಳುತ್ತಾ ನಿಂತೆ. ಆ ಮಾತು ತಲೆಗೆ ಹೋಗಲು ಸ್ವಲ್ಪ ಹೊತ್ತು ಹಿಡಿಯಿತು.

“ಅತ್ತೆ… ಪಾರಿಜಾತ ಕೊಟ್ಟಿದ್ನಲ್ಲ, ಆವತ್ತು ನೀವು ಮೂಸಲಿಲ್ವಾ?”

“ಪಾರಿಜಾತಾನ? ಅದು ನೆಲಕ್ಕೆ ಬಿದ್ರೂ ದೇವರಿಗೆ ಆಗೋ ಹೂವು. ಮೂಸೋದೇ?”

“ಆಕಾಶಮಲ್ಲಿಗೆ?”

“ಕೈಯಲ್ಲಿ ಹಿಡ್ಕೊಂಡಿದ್ನಲ್ಲ.”

“ಮಾವಿನ ಹೂವು? ಗುಲಾಬಿ?”

“ಹಿಡ್ಕೊಂಡ್ರೆ ತಾನಾಗೇ ಬರತ್ತಲ್ವೇನೇ ವಾಸನೆ? ಮೊದಲೆಲ್ಲ ಬರ್ತಿರ್ಲಿಲ್ವಾ? ತಾನಾಗಿ ಬಂದಿದ್ದು ಮೂಸಿದ ಹಾಗಲ್ಲ.”

ನಾನು ದಾರಿಯ ಪಕ್ಕದ ಕಲ್ಲಿನ ಮೇಲೆ ಕೂತುಬಿಟ್ಟೆ. ಮಳೆಗಾಲ ಮುಗಿದಾಗಿನಿಂದ ಮತ್ತೆ ಮಳೆ ಬರುವವರೆಗೆ, ಒಂದೊಂದು ಮರದ ಮುಂದೆಯೂ ನಾನು ಉಸಿರು ಹಿಡಿದು ಕಾದಿದ್ದೆ, ಅವರೂ ಉಸಿರು ಹಿಡಿದೇ ನಿಂತಿದ್ದರು. ಇಂಗಿನ ಡಬ್ಬಿ ಮೂಸಿದ ದಿನದಿಂದ ಆ ಮೂಗು ಒಂದು ಸಲವೂ ತಾನಾಗಿ ಏನನ್ನೂ ಹುಡುಕಿಕೊಂಡು ಹೋಗಿರಲಿಲ್ಲ. ಬಾಗಿಲು ತೆರೆದಿಟ್ಟು ಕೂತಿತ್ತು, ಬರುವವರು ಬರಲಿ ಅಂತ. ಹಿಂದೆ ಬರುತ್ತಿದ್ದರು. ಈಗ ಕಾಯಿಲೆಯಾದ ಮೂಗು, ಎದ್ದು ಹೋಗಿ ಕರೆಯಬೇಕಿತ್ತು.

ಅತ್ತೆ ನನ್ನ ಪಕ್ಕದಲ್ಲೇ ನಿಂತು, ನಾನು ಯಾಕೆ ಕೂತೆ ಅಂತ ಅರ್ಥವಾಗದೆ, ಸಮಜಾಯಿಷಿ ಹೇಳುವ ಹಾಗೆ ಶುರುಮಾಡಿದರು. ಚಾಮರಾಜಪೇಟೆಯ ತವರುಮನೆಯಲ್ಲಿ ಚಿಕ್ಕ ಹುಡುಗಿಯಾಗಿದ್ದಾಗ ಪೂಜೆಯ ಬುಟ್ಟಿಯಿಂದ ಒಂದು ಗುಲಾಬಿ ತೆಗೆದು ಮೂಸಿದ್ದರಂತೆ. ಅವರ ಅಜ್ಜಿ ನೋಡಿದರು. ಬೈಯಲಿಲ್ಲ, ಹೊಡೆಯಲಿಲ್ಲ. ಇಡೀ ಬುಟ್ಟಿಯನ್ನು ಹಿತ್ತಲ ಗುಂಡಿಗೆ ಸುರಿದು, ಖಾಲಿ ಬುಟ್ಟಿಯನ್ನು ಕೈಗೆ ಕೊಟ್ಟು, “ಮತ್ತೆ ಕಿತ್ಕೊಂಡು ಬಾ” ಅಂದರಂತೆ.

“ಅಲ್ಲಿಂದ ಹೂವು ಕೈಗೆ ಬಂದ ತಕ್ಷಣ ಮನಸ್ಸಲ್ಲೇ ದೇವರಿಗೆ ಕೊಟ್ಬಿಡ್ತೀನಿ ಕಣೇ. ಉಸಿರು ತಾನಾಗೇ ನಿಂತ್ಬಿಡತ್ತೆ. ನಾನು ನಿಲ್ಸೋದಲ್ಲ.”

“ಈಗೊಂದ್ಸಲ ಮೂಸಿ ಅತ್ತೆ. ನಾನು ಆಗ್ಲೇ ಎಂಜಲು ಮಾಡಿದೀನಲ್ಲ.”

ಅವರು ಆಚೀಚೆ ನೋಡಿದರು, ಶಿವ ಆ ಹೊತ್ತಿಗೆ ವಾಕಿಂಗಿಗೆ ಬಂದಿದ್ದಾನೇನೋ ಅನ್ನುವ ಹಾಗೆ. ನಾಗಲಿಂಗವನ್ನು ಇಸಿದುಕೊಂಡು ಮುಖದ ಹತ್ತಿರ ತಂದರು. ಮೂಗಿನ ಹೊಳ್ಳೆ ಅಲುಗಲಿಲ್ಲ. ಮತ್ತೆ ತಂದರು. ಕೆನ್ನೆ ಉಬ್ಬಿತು, ಮುಖ ಕೆಂಪಾಯಿತು, ಕೊನೆಗೆ ಬಾಯಿಂದ ಬುಸ್ ಅಂತ ಗಾಳಿ ಹೊರಗೆ ಬಂತು. ನಗು ತಡೆಯಲಾಗದೆ ನನ್ನ ಭುಜ ಹಿಡಿದುಕೊಂಡರು.

“ಉಸಿರೇ ಬರ್ತಿಲ್ಲ ಕಣೇ! ಏನ್ಮಾಡ್ಲಿ!”

ಅವರು ಹಾಗೆ ನಕ್ಕಿದ್ದು ನೋಡಿ ಎಷ್ಟೋ ತಿಂಗಳಾಗಿತ್ತು. ನಾನೂ ನಕ್ಕೆ. ನಗುತ್ತಲೇ ಒಳಗೊಳಗೆ ಲೆಕ್ಕ ಹಾಕುತ್ತಿದ್ದೆ, ದೇವರಿಗಾಗದ ಹೂವು ಯಾವುದು ಅಂತ. ಅತ್ತೆಯ ಪ್ರಕಾರ ಅಂಥ ಹೂವೇ ಇಲ್ಲ. ಒಂದಲ್ಲ ಒಂದು ದೇವರಿಗೆ ಎಲ್ಲವೂ ಆಗುತ್ತವೆ, ಎಕ್ಕದ ಹೂವು ಕೂಡ.

ಸ್ವಲ್ಪ ಮುಂದೆ ಸಂಪಿಗೆ ಮರ. ಮಳೆ ಬಿದ್ದದ್ದೇ ನೆಪ, ಮೊದಲ ಹೂವು ಬಿಟ್ಟಿತ್ತು. ಒದ್ದೆ ಹುಲ್ಲಿನಲ್ಲಿ ಒಂದು ಬಿದ್ದಿತ್ತು, ಒಂದೆರಡು ಎಸಳಿನ ಅಂಚು ಕಂದಿತ್ತು. ಎತ್ತಿಕೊಂಡೆ. ಅತ್ತೆಯ ಕೈಗೆ ಕೊಡಲು ಹೋದವಳು ತಡೆದೆ. ಅವರ ತುರುಬಿನಿಂದ ಒಂದು ಹೇರ್‌ಪಿನ್ ಕಿತ್ತುಕೊಂಡು, ನನ್ನ ತಲೆಗೇ ಹೂವನ್ನು ಸಿಕ್ಕಿಸಿಕೊಂಡೆ.

“ಮುಡಿದ ಹೂವು ದೇವರಿಗೆ ಆಗತ್ತಾ ಅತ್ತೆ?”

“ಅದು ಹೇಗಾಗತ್ತೆ?”

“ಹಾಗಾದ್ರೆ ಇದನ್ನ ಮೂಸಿ.”

ಅವರನ್ನು ಬೆಂಚಿನ ಮೇಲೆ ಕೂರಿಸಿ ನಾನು ಅವರ ಕಾಲ ಹತ್ತಿರ ಕುಕ್ಕರುಗಾಲಲ್ಲಿ ಕೂತು ತಲೆ ಬಗ್ಗಿಸಿದೆ. ಆಗಲೇ ನನಗೆ ಎಲ್ಲಾ ಚಿಂತೆಗಳೂ ಒಟ್ಟಿಗೆ ಬಂದವು: ಮಂಡಿ ಹಿಡಿದುಕೊಂಡು ಏಳಲು ಆಗದಿದ್ದರೆ, ಆಫೀಸಿನವರು ಯಾರಾದರೂ ನೋಡಿದರೆ, ಮೂಗು ನಿಜವಾಗಿಯೂ ಹೋಗಿಬಿಟ್ಟಿದ್ದು ಇವತ್ತು ಅದು ಖಚಿತವಾಗಿಬಿಟ್ಟರೆ. ಇಷ್ಟು ದಿನ ಮೂಸಿಲ್ಲ ಅನ್ನುವುದೇ ಉಳಿದಿದ್ದ ಒಂದು ಆಸೆ. ಮೂಸಿದ ಮೇಲೆ ಅದೂ ಇರುವುದಿಲ್ಲ.

ಅತ್ತೆಯ ಎರಡೂ ಕೈ ನನ್ನ ಕಿವಿಗಳ ಮೇಲೆ ಬಂದು ಕೂತವು. ಮಕ್ಕಳ ನೆತ್ತಿ ಮೂಸುವಾಗ ಹಿಡಿಯುತ್ತಾರಲ್ಲ, ಹಾಗೆ. ಚಿಕ್ಕಂದಿನಲ್ಲಿ ನನ್ನ ಗಂಡನನ್ನು, ಈಗ ಬೇರೆ ಊರಲ್ಲಿರುವ ನನ್ನ ಮಗಳನ್ನು ಅವರು ಹೀಗೇ ಹಿಡಿದು ಮೂಸಿದ್ದರು. ನನ್ನ ನೆತ್ತಿ ಮಾತ್ರ ಅವರಿಗೆ ಇದೇ ಮೊದಲು. ಮೂಗು ಕೂದಲಿಗೆ ತಗಲಿತು. ಉದ್ದಕ್ಕೆ, ಸಣ್ಣ ಸದ್ದಿನೊಂದಿಗೆ ಉಸಿರು ಒಳಗೆ ಹೋಯಿತು.

ದಾರಿಯಲ್ಲಿ ಹೋಗುತ್ತಿದ್ದ ವಾಕಿಂಗ್ ಗುಂಪಿನ ಒಬ್ಬ ಹೆಂಗಸು ನಿಂತು ಕೇಳಿದರು, “ಏನ್ರೀ ಅಜ್ಜಿ, ಹೇನು ನೋಡ್ತಿದೀರಾ?”

“ಹ್ಞೂ ಕಣಮ್ಮ. ವಯಸ್ಸಾಗಿರೋ ಹೇನು, ಓಡಲ್ಲ” ಅಂದರು ಅತ್ತೆ ತಲೆ ಎತ್ತದೆ.

ಆ ಹೆಂಗಸು ನಗುತ್ತಾ ಹೋದರು. ಅತ್ತೆ ಮತ್ತೆ ಉಸಿರೆಳೆದುಕೊಂಡರು.

“ತಲೆಗೆ ಯಾವ ಎಣ್ಣೆ ಹಚ್ತೀಯೇ?”

“ಕೊಬ್ಬರಿ ಎಣ್ಣೆ. ಯಾಕೆ?”

“ಹಳೇದು. ಕಮಟು ಹೊಡೀತಿದೆ.”

ನಾನು ತಲೆ ಎತ್ತಲು ಹೋದೆ, ಅವರು ಬಿಡಲಿಲ್ಲ. ನನ್ನ ತಲೆ ನಾರುತ್ತಿದೆ ಅಂತ ಯಾರಾದರೂ ಹೇಳಿದ್ದಕ್ಕೆ ಕಣ್ಣಲ್ಲಿ ನೀರು ಬಂದವಳು ನಾನೊಬ್ಬಳೇ ಇರಬೇಕು. ಸೆರಗಿಲ್ಲ, ಚೂಡಿದಾರದ ವೇಲು ಎಲ್ಲಿದೆ ಅಂತ ತಡಕಾಡುತ್ತಾ, “ಸಂಪಿಗೆ, ಅತ್ತೆ? ಸಂಪಿಗೆ?” ಅಂದೆ.

“ಅದು ಇಲ್ಲ… ತಾಳು, ಅಲ್ಲಾಡ್ಬೇಡ.” ಮತ್ತೆ ಉಸಿರು. “ಇದೆ. ದೂರದಲ್ಲಿದೆ ಕಣೇ. ಪಕ್ಕದ ಬೀದೀಲಿ ಯಾರೋ ಮುಡ್ಕೊಂಡು ಹೋದ ಹಾಗೆ.”

ಅದು ನಿಜವೋ, ನನ್ನ ಸಮಾಧಾನಕ್ಕೆ ಹೇಳಿದ್ದೋ ಅಂತ ನಾನು ಮನೆಗೆ ಬರುವವರೆಗೂ, ಆಮೇಲೂ, ಯೋಚಿಸಿದೆ. ಎಣ್ಣೆಯ ಬಾಟಲಿ ತೆರೆದು ನೋಡಿದೆ. ನಿಜವಾಗಿಯೂ ಕೆಟ್ಟಿತ್ತು, ನನಗೇ ಗೊತ್ತಾಗಿರಲಿಲ್ಲ. ಅಲ್ಲಿಗೆ ನನ್ನ ಅನುಮಾನ ಅರ್ಧ ಹೋಯಿತು. ಇನ್ನರ್ಧವನ್ನು ನಾನು ಅಷ್ಟು ಸುಲಭಕ್ಕೆ ಬಿಡುವವಳಲ್ಲ.

ಅತ್ತೆಯ ಮೂಗು ಇನ್ನೂ ಪೂರ್ತಿ ಬಂದಿಲ್ಲ. ಕಾಫಿ ಈಗಲೂ ಅವರಿಗೆ ಸುಟ್ಟ ರಟ್ಟಿನ ಹಾಗಂತೆ. ಬೆಳ್ಳುಳ್ಳಿ ಬಂದುಬಿಟ್ಟಿದೆ, ಬೇಡದ ನೆಂಟರ ಹಾಗೆ ಎಲ್ಲರಿಗಿಂತ ಮೊದಲೇ. ಊಟ ಸ್ವಲ್ಪ ಹೆಚ್ಚಿದೆ. ನನಗೆ ಹೂವು ಮುಡಿಯುವ ಅಭ್ಯಾಸ ಮೊದಲಿನಿಂದಲೂ ಇಲ್ಲ, ಈಗ ದಿನಾ ಮುಡಿಯುತ್ತೇನೆ. ಒಂದು ದಿನ ಮಲ್ಲಿಗೆ, ಒಂದು ದಿನ ಮರುಗ, ಸಿಕ್ಕರೆ ಸಂಪಿಗೆ. “ಏನ್ ಮೇಡಂ, ಮನೇಲಿ ವಿಶೇಷಾನಾ?” ಅಂತ ಆಫೀಸಿನಲ್ಲಿ ಕೇಳಿದರೆ, ಹೌದು ಅನ್ನುತ್ತೇನೆ. ಬೆಳಿಗ್ಗೆ ನಾನು ಚೀಲ ಹಾಕಿಕೊಂಡು ಬಾಗಿಲಿಗೆ ಬರುವ ಹೊತ್ತಿಗೆ ಅತ್ತೆ ಕುರ್ಚಿಯಲ್ಲಿ ತಯಾರಾಗಿ ಕೂತಿರುತ್ತಾರೆ.

“ಬಗ್ಗು” ಅನ್ನುತ್ತಾರೆ.

ಬಸ್ಸು ತಪ್ಪಿಹೋಗುತ್ತದೆ, ಸಿಗ್ನಲ್ಲಿನಲ್ಲಿ ಸಿಕ್ಕಿಕೊಳ್ಳುತ್ತೇನೆ, ಹಾಜರಿಗೆ ತಡವಾಗುತ್ತದೆ ಅಂತೆಲ್ಲ ಅಂದುಕೊಳ್ಳುತ್ತಾ ಬಗ್ಗುತ್ತೇನೆ. ಅವರು ಅವಸರ ಮಾಡುವುದಿಲ್ಲ.